ಬೂಟಿನೊಳಗಿನ ನೀರು ಎಲ್ಲಿಂದ ಬಂತು?

ಪ್ರೌಢ ಹಂತದ ವಿಜ್ಞಾನ ಹಾಗೂ ಭಾಷಾ ಬೋಧನೆಗೆ ಒಂದು ಪೂರಕ ಪಾಠ

ಆವಿಯಾಗುವಿಕೆ, ಸಾಂದ್ರೀಕರಣ, ಉಷ್ಣವಹನ ಎಂಬ ಮೂರು ಪರಿಕಲ್ಪನೆಗಳು ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಕಡೆ ಬರುತ್ತವೆ. ವಿದ್ಯಾರ್ಥಿಗಳು ಒಂದೊಂದರ ವ್ಯಾಖ್ಯೆಯನ್ನೂ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಮೂರೂ ಒಂದೇ ವಸ್ತುವಿನಲ್ಲಿ, ಒಂದೇ ಹೊತ್ತಿನಲ್ಲಿ ಕೂಡಿ ಕೆಲಸ ಮಾಡುವುದನ್ನು ಅವರು ಕಾಣುವುದು ಅಪರೂಪ. ಅಂಥ ಒಂದು ವಸ್ತುವನ್ನು ಈ ಪಾಠಕ್ಕೆ ಆರಿಸಿಕೊಳ್ಳಲಾಗಿದೆ: ಹಿಮದ ಇಳಿಜಾರಿನಲ್ಲಿ ಹಲಗೆಯ ಮೇಲೆ ನಿಂತು ಜಾರುವ ಆಟಗಾರರು ತೊಡುವ ಗಟ್ಟಿಚಿಪ್ಪಿನ ಬೂಟು.

ಹಿಮವನ್ನೇ ಕಾಣದ ಮಕ್ಕಳಿಗೆ ಹಿಮದ ಬೂಟಿನ ಪಾಠವೇಕೆ, ಮಳೆಗಾಲದ ಕೊಡೆ ಸಾಲದೆ ಎಂದು ಶಿಕ್ಷಕರು ಕೇಳಬಹುದು. ಕೊಡೆಯ ವಿಷಯದಲ್ಲಿ ಮಕ್ಕಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಅವರು ಯೋಚಿಸುವುದಿಲ್ಲ, ನೆನಪಿಸಿಕೊಳ್ಳುತ್ತಾರೆ. ಕಾಣದ ಬೂಟಿನ ವಿಷಯದಲ್ಲಿ ಯೋಚಿಸದೆ ಗತ್ಯಂತರವಿಲ್ಲ. ಯೋಚನೆಯ ಪ್ರತಿ ಹೆಜ್ಜೆಯನ್ನೂ ತರಗತಿಯಲ್ಲಿ ಒಂದು ಸ್ಟೀಲ್ ಲೋಟ, ಒಂದು ಪ್ಲಾಸ್ಟಿಕ್ ಚೀಲ, ಒಂದು ಹಳೆಯ ಕಂಬಳಿಯ ತುಂಡು ಇವುಗಳಿಂದ ಪರೀಕ್ಷಿಸಿ ನೋಡಬಹುದು. ಇಂಥ ವಿಷಯಗಳು ಇಂಗ್ಲಿಷಿನಲ್ಲಿ ಮಾತ್ರ ಕಲಿಯತಕ್ಕವು ಎಂಬ ಭಾವನೆ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಬಹು ಬೇಗ ಬೇರೂರುತ್ತದೆ. ಅದು ಸರಿಯೇ ಅಲ್ಲವೇ ಎಂಬುದನ್ನು ಅವರೇ ಈ ಪಾಠದಲ್ಲಿ ಪರೀಕ್ಷಿಸಲಿ.

ಪದಗಳಿಂದ ಆರಂಭ

ಮೊದಲ ತೊಡಕು ಪದಗಳಲ್ಲಿಯೇ ಇದೆ. ಕನ್ನಡದ 'ಮಂಜು' ಬೆಳಗಿನ ಮುಸುಕಿಗೂ ಸಲ್ಲುತ್ತದೆ, ಆಡುಮಾತಿನಲ್ಲಿ ಇಬ್ಬನಿಗೂ ಹಿಮಕ್ಕೂ ಸಲ್ಲುತ್ತದೆ. ಮಕ್ಕಳು ಮನೆಯಿಂದ ಅಥವಾ ಬೀದಿಯಿಂದ ತರುವ ನೆರೆಭಾಷೆಗಳೂ ಇಲ್ಲಿ ನೆರವಾಗುವುದಿಲ್ಲ. ತೆಲುಗಿನ 'ಮಂಚು', ತಮಿಳಿನ 'ಪನಿ' ಎರಡೂ ಇಬ್ಬನಿ, ಮುಸುಕು, ಹಿಮ ಎಲ್ಲವನ್ನೂ ಒಳಗೊಳ್ಳುತ್ತವೆ. ಮಲಯಾಳದಲ್ಲಿಯೂ ಸ್ಥಿತಿ ಇದೇ. ಮರಾಠಿಯು ಮುಸುಕಿಗೆ 'ಧುಕೆ', ಇಬ್ಬನಿಗೆ 'ದವ' ಎಂದು ಬೇರ್ಪಡಿಸುತ್ತದೆ. ಆದರೆ ಹಿಮಕ್ಕೂ ಮಂಜುಗಡ್ಡೆಗೂ 'ಬರ್ಫ' ಎಂಬ ಒಂದೇ ಮಾತನ್ನು ಬಳಸುತ್ತದೆ. ತಮಿಳಿನ 'ಪನಿ'ಯೂ ಕನ್ನಡದ 'ಹನಿ'ಯೂ ಒಂದೇ ಮೂಲದ ಮಾತುಗಳು ಎಂಬುದನ್ನು ಹೊಸೂರು, ತಾಳವಾಡಿ ಕಡೆಯ ಶಿಕ್ಷಕರು ಹೇಳಿದರೆ ಮಕ್ಕಳು ಕಿವಿ ನಿಮಿರಿಸುತ್ತಾರೆ. ಪಾಠದ ಮಟ್ಟಿಗೆ ಒಂದು ಒಪ್ಪಂದ ಸಾಕು: ಮೋಡದಿಂದ ಹರಳುಗಳಾಗಿ ಉದುರುವುದು ಹಿಮ, ನೀರು ಗಡ್ಡೆಕಟ್ಟಿದ್ದು ಮಂಜುಗಡ್ಡೆ, ಕಣ್ಣಿಗೆ ಮುಸುಕುವುದು ಮಂಜು, ಎಲೆಯ ಮೇಲೆ ಕೂರುವುದು ಇಬ್ಬನಿ. ನೀಲಗಿರಿಯ ಮಕ್ಕಳಿಗೆ ಇನ್ನೊಂದು ಮಾತು ಸೇರಿಸಬೇಕಾಗುತ್ತದೆ. ಚಳಿಗಾಲದ ಬೆಳಗುಗಳಲ್ಲಿ ಉದಕಮಂಡಲದ ತಗ್ಗಿನ ಹುಲ್ಲುಗಾವಲುಗಳು ಬೆಳ್ಳಗಾಗಿರುವುದನ್ನು ಅವರು ಕಂಡಿರುತ್ತಾರೆ. ಅದು ಮೇಲಿನಿಂದ ಬಿದ್ದ ಹಿಮವಲ್ಲ. ಗಾಳಿಯ ನೀರಾವಿಯು ತಣ್ಣಗಾದ ಹುಲ್ಲಿನ ಮೇಲೆ ನೇರವಾಗಿ ಹರಳುಗಟ್ಟಿದ್ದು.

ನಾಮಪದಗಳಲ್ಲಿ ಕನ್ನಡಕ್ಕೆ ಈ ಬಡತನವಿದ್ದರೆ ಕ್ರಿಯಾಪದಗಳಲ್ಲಿ ಸಿರಿತನವಿದೆ. ತೂತಿನಿಂದ ನೀರು ಸೋರುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಜಿನುಗುತ್ತದೆ. ಬಟ್ಟೆ ನೀರನ್ನು ಹೀರುತ್ತದೆ. ತಣ್ಣನೆಯ ಲೋಟದ ಮೈಯಲ್ಲಿ ನೀರು ಹನಿಗಟ್ಟುತ್ತದೆ. ಮೈ ಬೆವರುತ್ತದೆ. ಈ ಐದು ಕ್ರಿಯೆಗಳು ಐದು ಬೇರೆ ಬೇರೆ ಭೌತಿಕ ಘಟನೆಗಳು; ಇವುಗಳನ್ನು ಕಪ್ಪುಹಲಗೆಯ ಮೇಲೆ ಬರೆದಿಟ್ಟು, ಪಾಠ ಮುಗಿಯುವವರೆಗೆ ಅಳಿಸದಿರುವುದು ಒಳ್ಳೆಯದು. ಪರಿಣಾಮವನ್ನು ಹೇಳುವ ಮಾತು ಮಾತ್ರ ಊರಿಂದೂರಿಗೆ ಬದಲಾಗುತ್ತದೆ. ಕಾಸರಗೋಡಿನ ಮಗು ಕಾಲ್ಚೀಲ 'ಚಂಡಿ'ಯಾಯಿತು ಎನ್ನುತ್ತದೆ, ಅಕ್ಕಲಕೋಟೆಯ ಮಗು 'ತೊಯ್ದಿತು' ಎನ್ನುತ್ತದೆ, ತಾಳವಾಡಿಯದು 'ನೆನೆದುಹೋಯ್ತು' ಎನ್ನುತ್ತದೆ. ಯಾವುದನ್ನೂ ತಿದ್ದುವ ಅಗತ್ಯವಿಲ್ಲ.

ಬೂಟಿನ ರಚನೆ

ಸ್ನೋಬೋರ್ಡ್ ಎಂದರೆ ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟದ ಹಲಗೆ. 1998ರಲ್ಲಿ ಜಪಾನಿನ ನಗಾನೊ ನಗರದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿತು. ಹೆಚ್ಚಿನವರು ಇದಕ್ಕೆ ಮೆತ್ತನೆಯ ಬೂಟುಗಳನ್ನು ತೊಡುತ್ತಾರೆ. ಆದರೆ ಗಟ್ಟಿ ಹಿಮದ ಮೇಲೆ ಹಲಗೆಯ ಅಂಚನ್ನು ಊರಿ, ವೇಗವಾಗಿ ಬಳುಕುತ್ತ ಇಳಿಯುವ ಸ್ಪರ್ಧೆಗಳಲ್ಲಿ ಗಟ್ಟಿಚಿಪ್ಪಿನ ಬೂಟು ಬೇಕಾಗುತ್ತದೆ. ಕಾಲಿನ ಸಣ್ಣ ಒತ್ತಡವೂ ಸಡಿಲವಾಗದೆ ಅಂಚಿಗೆ ತಲುಪಬೇಕಷ್ಟೆ. 2018ರ ಪ್ಯೊಂಗ್‌ಚಾಂಗ್ ಕ್ರೀಡಾಕೂಟದಲ್ಲಿ ಸ್ಕೀ ಮತ್ತು ಸ್ನೋಬೋರ್ಡ್ ಎರಡರಲ್ಲಿಯೂ ಚಿನ್ನ ಗೆದ್ದ ಝೆಕ್ ದೇಶದ ಎಸ್ತರ್ ಲೆಡೆಸ್ಕಾ ಅವರ ಸ್ನೋಬೋರ್ಡ್ ಸ್ಪರ್ಧೆ ಈ ಬಗೆಯದು.

ಈ ಬೂಟು ಸ್ಕೀ ಬೂಟಿನ ಸಂತತಿಯದು. 1960ರ ದಶಕದವರೆಗೆ ಸ್ಕೀ ಬೂಟುಗಳು ಚರ್ಮದವು. ದಿನವೆಲ್ಲ ಹಿಮದಲ್ಲಿದ್ದರೆ ನೀರು ಹೀರಿ ಮೆತ್ತಗಾಗುತ್ತಿದ್ದವು. ಆ ದಶಕದಲ್ಲಿ ಅಮೆರಿಕದ ಬಾಬ್ ಲ್ಯಾಂಗೆ ಪ್ಲಾಸ್ಟಿಕ್ ಬೂಟನ್ನು ಬಳಕೆಗೆ ತಂದ ಮೇಲೆ ಚರ್ಮದ ಕಾಲ ಮುಗಿಯಿತು. ಸ್ಕೀ ಬೂಟುಗಳ ತಯಾರಿಕೆಗೆ ಹೆಸರಾದ ಇಟಲಿಯ ಮೊಂತೆಬೆಲ್ಲೂನ ಪಟ್ಟಣದಲ್ಲಿ ಬೂಟುಗಳದೇ ಒಂದು ವಸ್ತುಸಂಗ್ರಹಾಲಯವಿದೆ.

ಗಟ್ಟಿಚಿಪ್ಪಿನ ಬೂಟು ಒಂದಲ್ಲ, ಎರಡು. ಹೊರಗೆ ಪ್ಲಾಸ್ಟಿಕ್ಕಿನ ಹೊರಚಿಪ್ಪು. ಅದರೊಳಗೆ ಹೊರತೆಗೆಯಬಹುದಾದ ಮೆತ್ತನೆಯ ಒಳಬೂಟು. ತೆಂಗಿನಕಾಯಿಯ ಚಿಪ್ಪು, ಒಳಗಿನ ಕೊಬ್ಬರಿ ಎಂದು ಹೇಳಿದರೆ ಮಕ್ಕಳಿಗೆ ಚಿತ್ರ ಸಿಗುತ್ತದೆ. ಹೊರಚಿಪ್ಪು ಗಡುಸು, ಆದರೆ ಅದರೊಳಗೆ ಕಾಲು ಹೋಗಲೇಬೇಕಲ್ಲ. ಆದ್ದರಿಂದ ಪಾದದ ಮೇಲ್ಭಾಗದಲ್ಲಿ ಅದನ್ನು ಸೀಳಿ, ಎರಡು ಅಂಚುಗಳು ಒಂದರ ಮೇಲೊಂದು ಬರುವಂತೆ ಮಾಡಿ, ಲೋಹದ ಬಕಲುಗಳಿಂದ ಬಿಗಿಯುತ್ತಾರೆ. ಕೆಲವು ಬೂಟುಗಳಲ್ಲಿ ಸೀಳಿನ ಮೇಲೆ ಬೇರೆಯೇ ಒಂದು ಪ್ಲಾಸ್ಟಿಕ್ ನಾಲಗೆ ಕೂರುತ್ತದೆ. ಹರಡಿನ ಬಳಿ ಕೆಳಚಿಪ್ಪಿಗೆ ಮೇಲ್ಪಟ್ಟಿಯನ್ನು ತಿರುಗಣೆಯಂತೆ ಜೋಡಿಸಿರುತ್ತದೆ. ಬಕಲುಗಳಿಗೂ ಅಡಿಗೂ ಮೊಳೆ, ತಿರುಪುಗಳಿವೆ. ಎಲ್ಲ ಮುಗಿದ ಮೇಲೆ, ಮೇಲೆ ಕಾಲು ಇಳಿಯುವ ದೊಡ್ಡ ಬಾಯಿ ಇದ್ದೇ ಇದೆ.

ಪ್ಲಾಸ್ಟಿಕ್ಕಿನೊಳಗೆ ನೀರು ಇಳಿಯುವುದಿಲ್ಲ ಎಂಬುದು ನಿಜ. ಆದರೆ ಸಂಜೆ ಬೂಟು ಕಳಚಿದಾಗ ಕಾಲ್ಚೀಲ ಒದ್ದೆಯಾಗಿರುತ್ತದೆ. ಪಾಠದ ಪ್ರಶ್ನೆ ಇದೇ. ಶಿಕ್ಷಕರು ಇಲ್ಲಿ ನಿಂತು ಮಕ್ಕಳಿಂದ ಊಹೆಗಳನ್ನು ಕೇಳಬೇಕು. 'ಬೂಟು ತೂತಾಗಿದೆ' ಎಂಬ ಉತ್ತರ ಮೊದಲು ಬರುತ್ತದೆ. ಬೂಟು ಕೊಂಡ ಆಟಗಾರರೂ ಬಹುಮಟ್ಟಿಗೆ ಇದನ್ನೇ ಹೇಳಿ, ತೂತು ಹುಡುಕಿ, ಅಂಟು ಮೆತ್ತಿ, ಮರುದಿನ ಮತ್ತೆ ಒದ್ದೆ ಕಾಲಿನೊಂದಿಗೆ ಹಿಂದಿರುಗುತ್ತಾರೆ. ಯಾವ ನೀರು ಎಂದು ತಿಳಿಯುವ ಮೊದಲೇ ತೂತು ಮುಚ್ಚಲು ಹೊರಡುವುದೇ ಅವರ ತಪ್ಪು.

ಹೊರಗಿನ ನೀರು

ಹೊರಗಿನಿಂದ ಬರುವ ದಾರಿಗಳಲ್ಲಿ ದೊಡ್ಡದು ಬೂಟಿನ ಬಾಯಿ. ಸ್ನೋಬೋರ್ಡ್ ಆಡುವವರು ಸ್ಕೀ ಆಡುವವರಿಗಿಂತ ಹೆಚ್ಚಾಗಿ ಹಿಮದಲ್ಲಿ ಕೂರುತ್ತಾರೆ, ಮೊಣಕಾಲೂರುತ್ತಾರೆ. ಮೊಣಕಾಲೂರಿದಾಗ ಬೂಟಿನ ಹಿಂಬದಿಯ ಅಂಚು ಕಾಲಿನಿಂದ ದೂರ ಸರಿದು, ಆ ಸಂದಿನಲ್ಲಿ ಹಿಮ ಸುರಿಯುತ್ತದೆ. ಇದಕ್ಕೆ ಹಿಮದ ಷರಾಯಿಗಳಲ್ಲಿಯೇ ಪರಿಹಾರವಿದೆ. ಷರಾಯಿಯ ಕಾಲಿನೊಳಗೆ ಇಲಾಸ್ಟಿಕ್ ಅಂಚಿನ ಇನ್ನೊಂದು ತೆಳು ಬಟ್ಟೆಯ ತೋಳಿರುತ್ತದೆ. ಅದನ್ನು ಹೊರಚಿಪ್ಪಿನ ಮೇಲೆ ಎಳೆದು ಕೂರಿಸಬೇಕು. ಅದರ ಮೇಲೆ ಷರಾಯಿಯ ಹೊರಗಾಲು ಇಳಿಯಬೇಕು. ಹೆಂಚಿನ ಮಾಡಿನಲ್ಲಿ ಮೇಲಿನ ಹೆಂಚು ಕೆಳಗಿನದರ ಮೇಲೆ ಕೂರುವ ಕ್ರಮವೇ ಇಲ್ಲಿಯೂ. ಷರಾಯಿಯನ್ನು ಬೂಟಿನೊಳಗೆ ತುರುಕುವವರು ಹೆಂಚನ್ನು ತಿರುವುಮುರುವಾಗಿ ಹೊದಿಸಿದಂತಾಗುತ್ತದೆ: ಬಟ್ಟೆಯೇ ನೀರನ್ನು ಹೀರಿ ಒಳಗೆ ಇಳಿಸುವ ಬತ್ತಿಯಾಗುತ್ತದೆ. ಒಳ ಉಡುಪಿನ ಕಾಲೂ ಬೂಟಿನೊಳಗೆ ಹೋಗಬಾರದು. ಬೂಟಿನೊಳಗೆ ಕಾಲ್ಚೀಲವೊಂದೇ ಇರಬೇಕೆಂಬುದು ಅನುಭವಿಗಳ ನಿಯಮ.

ಎರಡನೆಯ ದಾರಿ ಪಾದದ ಮೇಲಿನ ಸೀಳು. ಬೆರಳುಗಳ ಮೇಲ್ಭಾಗದಲ್ಲಿ, ಎರಡು ಅಂಚುಗಳು ಕೂಡುವ ತಗ್ಗಿನಲ್ಲಿ ಹಿಮ ಶೇಖರವಾಗುತ್ತದೆ. ಅಂಚುಗಳ ನಡುವಿನ ಸಂದು ತೆಳು. ಅದರಲ್ಲಿ ಹಿಮದ ಹರಳು ನುಗ್ಗುವುದಿಲ್ಲ, ನೀರು ಮಾತ್ರ ಜಿನುಗುತ್ತದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಿರುವಾಗ ಬೂಟಿನ ಮೇಲಿನ ಹಿಮ ಒಣ ಹಿಟ್ಟಿನಂತೆ ಒಣಗಿಯೇ ಇರುತ್ತದೆ, ಕೊಡವಿದರೆ ಉದುರುತ್ತದೆ. ಆಟಗಾರನು ಚಹಾ ಕುಡಿಯಲು ಬೆಚ್ಚನೆಯ ಕೊಠಡಿಯೊಳಗೆ ಹೋಗಿ ಕುಳಿತು, ಕಾಲಿಗೆ ಆರಾಮವಾಗಲೆಂದು ಬಕಲುಗಳನ್ನು ಸಡಿಲಿಸುತ್ತಾನೆ. ಸೀಳು ಬಾಯಿಬಿಡುತ್ತದೆ, ಹಿಮ ಕರಗುತ್ತದೆ, ನೀರು ನೇರವಾಗಿ ಬೆರಳುಗಳ ಮೇಲೆ ಇಳಿಯುತ್ತದೆ. ಬೂಟು ಸೋರಿದ್ದು ಹಿಮದ ಬೆಟ್ಟದಲ್ಲಲ್ಲ, ಚಹಾದ ಮೇಜಿನ ಕೆಳಗೆ. ಬಾಗಿಲಲ್ಲಿಯೇ ಒಂದು ಸಣ್ಣ ಕುಂಚದಿಂದ ಬೂಟಿನ ಹಿಮವನ್ನು, ಅದರಲ್ಲಿಯೂ ಸೀಳಿನ ತಗ್ಗನ್ನೂ ಬಕಲುಗಳ ಅಡಿಯನ್ನೂ ಗುಡಿಸಿಬಿಟ್ಟರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಅಂಟು, ಪಟ್ಟಿಗಳಿಗಿಂತ ಕುಂಚ ಅಗ್ಗ.

ಹೊಸ ಬೂಟುಗಳಲ್ಲಿ ಸೀಳಿನ ಒಳಗೆ ಮೆತ್ತನೆಯ ರಬ್ಬರಿನ ಅಥವಾ ನೊರೆಯಂಥ ವಸ್ತುವಿನ ಒಂದು ತಡೆಯನ್ನು ಅಂಟಿಸಿರುತ್ತಾರೆ. ಹಳೆಯದಾದ ಬೂಟಿನಲ್ಲಿ ಅದು ಕಿತ್ತುಬಂದಿರಬಹುದು. ಅದನ್ನು ಮೊದಲು ನೋಡಬೇಕು. ಕಿತ್ತಿದ್ದರೆ ಹೊಸದನ್ನು ಅಂಟಿಸಬೇಕು. ಅಂಚುಗಳ ನಡುವೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದರೆ ಜಿನುಗು ನಿಲ್ಲುತ್ತದೆ. ಸ್ಪರ್ಧೆಯ ದಿನ ಸೀಳಿನ ಮೇಲೆ ಅಗಲವಾದ ಅಂಟುಪಟ್ಟಿಯನ್ನು ಎಳೆಯುವವರೂ ಉಂಟು. ಪಟ್ಟಿಯನ್ನು ಮನೆಯಲ್ಲಿಯೇ, ಬೂಟು ಒಣಗಿ ಬೆಚ್ಚಗಿರುವಾಗ ಅಂಟಿಸಬೇಕು. ಒದ್ದೆಯಾದ ತಣ್ಣನೆಯ ಪ್ಲಾಸ್ಟಿಕ್ಕಿಗೆ ಅದು ಹಿಡಿಯುವುದಿಲ್ಲ. ಬೂಟಿನ ಮೇಲೆಯೇ ತೊಡಿಸುವ ದಪ್ಪ ರಬ್ಬರ್ ಬಟ್ಟೆಯ ಹೊರಗವಸು ಸಹ ದೊರೆಯುತ್ತದೆ.

ಮೂರನೆಯದಾಗಿ ಮೊಳೆ, ತಿರುಪುಗಳ ತೂತುಗಳು. ಇವುಗಳನ್ನು ಕಂಡುಹಿಡಿಯುವ ಬಗೆ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ, ಏಕೆಂದರೆ ಸೋರುವ ಕೊಡವನ್ನು ಮನೆಯಲ್ಲಿ ಹಾಗೆಯೇ ಪರೀಕ್ಷಿಸುತ್ತಾರೆ. ಒಳಬೂಟನ್ನು ತೆಗೆದಿರಿಸಿ, ಹೊರಚಿಪ್ಪಿನೊಳಗೆ ಒಣ ಕಾಗದ ಹಾಸಿ, ಸೀಳಿಗೆ ನೀರು ಮುಟ್ಟದಷ್ಟು ಆಳಕ್ಕೆ ಬೂಟನ್ನು ನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಕಾಗದ ಎಲ್ಲಿ ಒದ್ದೆಯಾಯಿತೋ ಅಲ್ಲಿ ದಾರಿಯಿದೆ. ತಿರುಪನ್ನು ಬಿಚ್ಚಿ, ರಬ್ಬರ್ ವಾಷರ್ ಅಥವಾ ಸಿಲಿಕೋನ್ ಅಂಟು ಹಾಕಿ ಮತ್ತೆ ಬಿಗಿಯಬೇಕು. ಒಂದು ಎಚ್ಚರಿಕೆ: ಬೂಟಿನ ತುದಿ ಮತ್ತು ಹಿಮ್ಮಡಿಯ ಚಾಚುಗಳನ್ನು ಹಲಗೆಯ ಮೇಲಿನ ಹಿಡಿಕೆಗಳು ಕಚ್ಚಿಕೊಳ್ಳುತ್ತವೆ, ಅಲ್ಲಿ ಅಂಟು, ಪಟ್ಟಿ, ಗ್ರೀಸ್ ಏನೂ ಇರಬಾರದು. ವೇಗದಲ್ಲಿ ಹಿಡಿಕೆ ಜಾರಿದರೆ ಒದ್ದೆ ಕಾಲಿಗಿಂತ ದೊಡ್ಡ ಅನಾಹುತವಾಗುತ್ತದೆ.

ಒಳಗಿನ ನೀರು

ಬಾಯಿ ಮುಚ್ಚಿತು, ಸೀಳು ಬಿಗಿಯಿತು, ತೂತುಗಳು ನಿಂತವು. ಆದರೂ ಸಂಜೆ ಕಾಲ್ಚೀಲ ಒದ್ದೆ. ಈಗ ತರಗತಿಯಲ್ಲಿ ಒಂದು ಪ್ರಯೋಗ ಮಾಡಬೇಕು. ಒಬ್ಬ ವಿದ್ಯಾರ್ಥಿಯ ಅಂಗೈಗೆ ಒಣಗಿದ ಪ್ಲಾಸ್ಟಿಕ್ ಚೀಲ ತೊಡಿಸಿ, ಮಣಿಕಟ್ಟಿನಲ್ಲಿ ಸಡಿಲವಾಗಿ ಕಟ್ಟಿ, ಹತ್ತು ನಿಮಿಷ ಪಾಠ ಮುಂದುವರಿಸಬೇಕು. ಚೀಲದೊಳಗೆ ಮಬ್ಬು ಕವಿಯುತ್ತದೆ, ಅಂಗೈ ಪಸೆಯಾಗುತ್ತದೆ. ಹೊರಗಿನಿಂದ ಒಂದು ಹನಿಯೂ ಬಂದಿಲ್ಲ. ನೀರನ್ನು ಒಳಗೆ ಬಿಡದ ಪ್ಲಾಸ್ಟಿಕ್ಕು ನೀರನ್ನು ಹೊರಗೂ ಬಿಡುವುದಿಲ್ಲ ಎಂಬುದನ್ನು ಮಕ್ಕಳು ತಾವೇ ಹೇಳುವವರೆಗೆ ಶಿಕ್ಷಕರು ಕಾಯುವುದು ಮೇಲು.

ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಮೈಯ ಬೇರೆ ಭಾಗಗಳಿಗಿಂತ ದಟ್ಟವಾಗಿವೆ. ಬೆವರು ಆವಿಯಾಗಿ ಕಾಲ್ಚೀಲವನ್ನೂ ಒಳಬೂಟನ್ನೂ ದಾಟಿ ಹೊರಕ್ಕೆ ಸಾಗುತ್ತದೆ; ಹೊರಚಿಪ್ಪಿನ ತಣ್ಣನೆಯ ಒಳಗೋಡೆಗೆ ತಾಗಿ ಹನಿಗಟ್ಟುತ್ತದೆ. ಇದಕ್ಕೆ ಲೆಕ್ಕವೂ ಇದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿಯು ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಸೊನ್ನೆ ಡಿಗ್ರಿಯಲ್ಲಿ 5 ಗ್ರಾಂಗಿಂತ ಸ್ವಲ್ಪ ಕಡಿಮೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ 2 ಗ್ರಾಂಗಿಂತ ತುಸು ಹೆಚ್ಚು ಅಷ್ಟೆ. ಪಾದದ ಬಳಿಯ ಬೆಚ್ಚನೆಯ ಗಾಳಿ ಹೊತ್ತುತಂದ ಆವಿಯಲ್ಲಿ ಬಹುಪಾಲು ಚಿಪ್ಪಿನ ಬಳಿ ನೀರಾಗಲೇಬೇಕು. ಸ್ಟೀಲ್ ಲೋಟಕ್ಕೆ ಐಸ್ ನೀರು ಹಾಕಿ ಮೇಜಿನ ಮೇಲಿಟ್ಟರೆ ಈ ಘಟನೆ ಎದುರಿಗೇ ನಡೆಯುತ್ತದೆ. ಲೋಟ ಸೋರಿತೆಂದು ಯಾವ ಮಗುವೂ ಹೇಳುವುದಿಲ್ಲ. ಬೂಟಿನ ವಿಷಯದಲ್ಲಿ ಮಾತ್ರ ದೊಡ್ಡವರೂ ಹಾಗೆ ಹೇಳುತ್ತಾರೆ.

ಒದ್ದೆಯಾದರೆ ಆಗುವ ಹಾನಿಯೇನು? ಒಳಬೂಟು, ಕಾಲ್ಚೀಲ ಬೆಚ್ಚಗಿಡುವುದು ಅವುಗಳ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ವಹಿಸುತ್ತದೆ. ಗಾಳಿಯ ಜಾಗಕ್ಕೆ ನೀರು ಬಂದರೆ ಹೊದಿಕೆಯೇ ಶಾಖವನ್ನು ಹೊರಸಾಗಿಸುವ ದಾರಿಯಾಗುತ್ತದೆ. ಲೆಕ್ಕದಲ್ಲಿ ಆಸಕ್ತಿಯುಳ್ಳ ತರಗತಿಗೆ ಇನ್ನೊಂದು ಸಮಸ್ಯೆ ಕೊಡಬಹುದು. ಒಂದು ಸಣ್ಣ ಹಿಡಿ, ಅಂದರೆ 20 ಗ್ರಾಂ ಹಿಮ ಬೂಟಿನೊಳಗೆ ಬಿತ್ತೆನ್ನೋಣ. ಸೊನ್ನೆ ಡಿಗ್ರಿಯಲ್ಲಿ ಅದನ್ನು ಕರಗಿಸಲು ಗ್ರಾಂಗೆ 80 ಕ್ಯಾಲೊರಿಯಂತೆ 1600 ಕ್ಯಾಲೊರಿ ಗುಪ್ತೋಷ್ಣ ಬೇಕು; ಆ ನೀರನ್ನು 30 ಡಿಗ್ರಿಗೆ ಏರಿಸಲು ಇನ್ನೂ 600. ಅದೇ ನೀರು ಬೂಟಿನಿಂದ ಆವಿಯಾಗಿ ಹೋಗಬೇಕಾದರೆ ಗ್ರಾಂಗೆ 500 ಕ್ಯಾಲೊರಿಗೂ ಹೆಚ್ಚು, ಒಟ್ಟು 10,000ಕ್ಕೂ ಮೀರಿ. ಇಷ್ಟನ್ನೂ ಒದಗಿಸಬೇಕಾದದ್ದು ಐದು ಬೆರಳುಗಳಲ್ಲಿ ಹರಿಯುವ ರಕ್ತ. ಚಳಿಯಲ್ಲಿ ದೇಹವು ಹೃದಯ, ಶ್ವಾಸಕೋಶಗಳ ಶಾಖವನ್ನು ಕಾಯ್ದುಕೊಳ್ಳಲು ಕೈಕಾಲುಗಳ ರಕ್ತಸಂಚಾರವನ್ನು ಮೊದಲೇ ಕಡಿತಗೊಳಿಸಿರುತ್ತದೆ ಎಂಬುದನ್ನು ನೆನೆದರೆ ಹಿಮದ ದೇಶಗಳಲ್ಲಿ ಬೆರಳುಗಳು ಏಕೆ ಮೊದಲು ಹೋಗುತ್ತವೆ ಎಂಬುದು ತಿಳಿಯುತ್ತದೆ.

ಬೆರಳುಗಳು ಹೋಗುವುದೆಂದರೆ ಅಲಂಕಾರದ ಮಾತಲ್ಲ. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಐರೋಪ್ಯ ಸೈನಿಕರು ದಿನಗಟ್ಟಲೆ ನೀರು ತುಂಬಿದ ಕಂದಕಗಳಲ್ಲಿ ನಿಂತು 'ಟ್ರೆಂಚ್ ಫೂಟ್' ಎಂದು ಹೆಸರಾದ ವ್ಯಾಧಿಗೆ ಗುರಿಯಾದರು. ಅದಕ್ಕೆ ನೀರು ಹೆಪ್ಪುಗಟ್ಟುವ ಚಳಿಯೂ ಬೇಕಿರಲಿಲ್ಲ. ತಣ್ಣನೆಯ ತೇವ ಸಾಕಾಗಿತ್ತು. ಪ್ರತಿದಿನ ಪಾದಗಳ ತಪಾಸಣೆ, ಒಣ ಕಾಲ್ಚೀಲಗಳ ಪೂರೈಕೆ ಇವುಗಳಿಂದಲೇ ಅದನ್ನು ಹತೋಟಿಗೆ ತರಲಾಯಿತು.

ಒಳಗಿನ ನೀರಿನ ಪಾಠವನ್ನು ಇನ್ನೂ ಕಠಿಣವಾಗಿ ಕಲಿಸಿದ್ದು ಕೊರಿಯಾದ ಯುದ್ಧ. 1950ರ ನವೆಂಬರ್–ಡಿಸೆಂಬರಿನಲ್ಲಿ ಕೊರಿಯಾದ ಉತ್ತರದ ಬೆಟ್ಟಗಳಲ್ಲಿ, ಚೋಸಿನ್ ಜಲಾಶಯದ ಸುತ್ತ ಅಮೆರಿಕದ ಪಡೆಗಳು ಸಿಲುಕಿಕೊಂಡವು. (ಕೊರಿಯನ್ನರಿಗೆ ಅದು ಜಾಂಗ್‌ಜಿನ್, ಪಡೆಗಳ ಕೈಯಲ್ಲಿದ್ದ ನಕ್ಷೆಗಳು ಜಪಾನೀಯರ ಹೆಸರುಗಳನ್ನು ಅನುಸರಿಸಿದ್ದರಿಂದ ಜಪಾನೀ ಉಚ್ಚಾರವೇ ಇತಿಹಾಸದಲ್ಲಿ ಉಳಿಯಿತು. ಗಡಿನಾಡಿನ ಊರುಗಳ ಹೆಸರುಗಳು ಎರಡೆರಡು ಬಗೆಯಲ್ಲಿ ಬರೆಯಲ್ಪಡುವುದನ್ನು ಬಲ್ಲ ಶಿಕ್ಷಕರಿಗೆ ಇದು ಹೊಸದೆನಿಸದು.) ಅವರ ಕಾಲಲ್ಲಿದ್ದ ಬೂಟು ಕೆಳಗೆ ರಬ್ಬರು, ಮೇಲೆ ಚರ್ಮ. ಕೆಸರಿಗೂ ಹಿಮದ ನೀರಿಗೂ ಅದು ಒಳ್ಳೆಯದೇ. ಆದರೆ ಬೆಟ್ಟ ಹತ್ತುವಾಗ ಕಾಲು ಬೆವರುತ್ತಿತ್ತು, ರಬ್ಬರು ಬೆವರನ್ನು ಹೊರಬಿಡುತ್ತಿರಲಿಲ್ಲ. ರಾತ್ರಿ ಕಾವಲಿಗೆ ಕದಲದೆ ನಿಂತಾಗ ಅದೇ ಬೆವರು ಕಾಲ್ಚೀಲದಲ್ಲಿಯೇ ಹೆಪ್ಪುಗಟ್ಟುತ್ತಿತ್ತು. ಸಾವಿರಾರು ಮಂದಿ ಹಿಮಕಡಿತಕ್ಕೆ, ಅಂದರೆ ಅಂಗಾಂಶವೇ ಹೆಪ್ಪುಗಟ್ಟಿ ಸಾಯುವ ಸ್ಥಿತಿಗೆ ಗುರಿಯಾದರು. ಹೊರಗಿನ ನೀರನ್ನು ತಡೆಯುವಲ್ಲಿ ಆ ಬೂಟು ಸೋತಿರಲಿಲ್ಲ.

ಅನಂತರ ಬಂದ ಹೊಸ ಬೂಟಿನ ಉಪಾಯ ಮಕ್ಕಳನ್ನು ಚಕಿತಗೊಳಿಸುತ್ತದೆ. ಬೆವರನ್ನು ಹೊರಬಿಡುವ ಪ್ರಯತ್ನವನ್ನೇ ಅದರಲ್ಲಿ ಕೈಬಿಡಲಾಗಿತ್ತು. ಎರಡು ರಬ್ಬರ್ ಪದರಗಳ ನಡುವೆ ಉಣ್ಣೆಯನ್ನು ಮುಚ್ಚಿ ಸೀಲು ಮಾಡಲಾಯಿತು. ಕಾಲ್ಚೀಲ ಒದ್ದೆಯಾದರೂ ಬೆಚ್ಚಗಿಡುವ ಉಣ್ಣೆ ಒದ್ದೆಯಾಗದು; ಪಾದ ತೇವದಲ್ಲಿದ್ದರೂ ಬೆಚ್ಚಗಿರುತ್ತದೆ. ಗುಂಡುಗುಂಡಾದ ಆಕಾರದಿಂದಾಗಿ ಸೈನಿಕರು ಅದನ್ನು 'ಮಿಕ್ಕಿ ಮೌಸ್ ಬೂಟು' ಎಂದು ಕರೆದರು. ತಡೆಯಬೇಕಾದದ್ದು ತೇವವನ್ನೋ, ತೇವವು ಹೊದಿಕೆಯನ್ನು ಮುಟ್ಟುವುದನ್ನೋ ಎಂಬ ಪ್ರಶ್ನೆಯನ್ನು ಇಲ್ಲಿ ಚರ್ಚೆಗೆ ಬಿಡಬಹುದು.

ಆಟದ ಬೂಟಿಗೆ ಇಂಥ ಕಠಿಣೋಪಾಯ ಬೇಕಿಲ್ಲ. ಬೆಟ್ಟದವರೆಗೆ ವಾಹನದಲ್ಲಿ ಬರುವಾಗಲೇ ಕಾಲ್ಚೀಲ ಬೆವರಿರುತ್ತದೆ. ಬೂಟು ತೊಡುವ ಮುನ್ನ ಒಣ ಕಾಲ್ಚೀಲವನ್ನು ಬದಲಿಸಿಕೊಳ್ಳಬೇಕು. ದಪ್ಪ ಕಾಲ್ಚೀಲ ಎರಡು ಹಾಕಿದರೆ ಬೆಚ್ಚಗಿರುತ್ತದೆಂಬುದು ತಪ್ಪು ತಿಳಿವಳಿಕೆ. ಬೂಟು ಬಿಗಿಯಾಗಿ ರಕ್ತಸಂಚಾರ ಕುಗ್ಗುತ್ತದೆ, ಬೆವರೂ ಹೆಚ್ಚುತ್ತದೆ. ತೆಳುವಾದ ಒಂದೇ ಉಣ್ಣೆಯ ಅಥವಾ ಕೃತಕ ನೂಲಿನ ಕಾಲ್ಚೀಲ ಸಾಕು. ಹತ್ತಿ ಸಲ್ಲದು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದರಷ್ಟು ನೀರಾವಿಯನ್ನು ಎಳೆಗಳೊಳಗೆ ಹೀರಿಕೊಂಡೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ. ಹತ್ತಿಯ ನೂಲು ನೆನೆದೊಡನೆ ಮೈಗೆ ಅಂಟಿ, ಗಾಳಿಯ ಜಾಗಗಳನ್ನು ಮುಚ್ಚಿಬಿಡುತ್ತದೆ. ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯುವವರ ಮನೆಯ ಮಕ್ಕಳು ತರಗತಿಯಲ್ಲಿದ್ದರೆ ಈ ಭಾಗವನ್ನು ಅವರಿಂದಲೇ ಹೇಳಿಸಬೇಕು.

ಒಣಗಿಸುವ ಕ್ರಮ

ಎಷ್ಟು ಜಾಗರೂಕತೆ ವಹಿಸಿದರೂ ದಿನದ ಕೊನೆಗೆ ಒಂದಿಷ್ಟು ತೇವ ಉಳಿಯುತ್ತದೆ. ಅದನ್ನು ಅದೇ ರಾತ್ರಿ ತೆಗೆಯದಿದ್ದರೆ ಮರುದಿನದ ತೇವ ಅದಕ್ಕೆ ಕೂಡುತ್ತದೆ. ಒಳಬೂಟನ್ನು ಹೊರಚಿಪ್ಪಿನಿಂದ ಹೊರತೆಗೆಯುವುದು ಇಲ್ಲಿ ಮುಖ್ಯ ಕೆಲಸ. ಸೋಮಾರಿತನದಿಂದ ಬಹುಜನ ಬಿಟ್ಟುಬಿಡುವುದೂ ಇದನ್ನೇ. ತಣ್ಣನೆಯ ಚಿಪ್ಪು ಗಡುಸಾಗಿರುವುದರಿಂದ ಎಳೆದರೆ ಒಳಬೂಟು ಹರಿಯಬಹುದು. ಬೂಟನ್ನು ಬೆಚ್ಚನೆಯ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಚಿಪ್ಪು ಮೆತ್ತಗಾದ ಮೇಲೆ ತೆಗೆಯಬೇಕು. ಅಡಿಯ ಒಳಹಾಸನ್ನೂ ಬೇರೆ ತೆಗೆದಿಡಬೇಕು. ಚಿಪ್ಪಿನ ಒಳಗೋಡೆಯನ್ನು ಬಟ್ಟೆಯಿಂದ ಒರೆಸಬೇಕು.

ಬೆಂಕಿಯ ಬಳಿ, ಹೀಟರಿನ ಮೇಲೆ ಇಟ್ಟರೆ ಬೇಗ ಒಣಗುತ್ತದೆ ಎಂಬ ಆಸೆ ಸಹಜ. ಆದರೆ ಇಂದಿನ ಅನೇಕ ಒಳಬೂಟುಗಳನ್ನು ಬಿಸಿ ಮಾಡಿ ಧರಿಸುವವರ ಕಾಲಿನ ಅಚ್ಚಿಗೆ ತಕ್ಕಂತೆ ರೂಪಿಸಿರುತ್ತಾರೆ. ಅತಿ ಶಾಖ ತಾಗಿದರೆ ಆ ರೂಪ ಕೆಡುತ್ತದೆ. ಒಣಗಲು ಬೇಕಾದದ್ದು ಹೆಚ್ಚು ಶಾಖವಲ್ಲ, ಚಲಿಸುವ ಗಾಳಿ. ಮೈಬಿಸಿಯಷ್ಟೇ ಬೆಚ್ಚಗಿರುವ ಗಾಳಿಯನ್ನು ಬೂಟಿನೊಳಗೆ ಊದುವ ಸಣ್ಣ ಯಂತ್ರಗಳಿವೆ. ಅವಿಲ್ಲದವರು ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ತುಂಬಿ, ಗಂಟೆಗೊಮ್ಮೆ ಬದಲಿಸುತ್ತಾರೆ. ಮಳೆಗಾಲದಲ್ಲಿ ಬಟ್ಟೆಯನ್ನು ಗಾಳಿಗೆ ಹರಡುವ ಬದಲು ಒಲೆಯ ಮೇಲೆ ತೂಗುಹಾಕಿ ಸುಟ್ಟುಕೊಂಡ ಅನುಭವ ಯಾವ ತರಗತಿಯಲ್ಲಿಯೂ ಒಬ್ಬರಿಗಾದರೂ ಇದ್ದೇ ಇರುತ್ತದೆ.

ರಾತ್ರಿ ಬೂಟನ್ನು ವಾಹನದಲ್ಲಿಯೇ ಬಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ತೇವ ಒಳಗೇ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಕಾಲಿನ ಮೊದಲ ಶಾಖವೆಲ್ಲ ಅದನ್ನು ಕರಗಿಸಲು ವ್ಯಯವಾಗುತ್ತದೆ. ಮೇಲಿನ ಗುಪ್ತೋಷ್ಣದ ಲೆಕ್ಕವನ್ನು ಇಲ್ಲಿ ಮತ್ತೆ ಕೇಳಬಹುದು. ಪೂರ್ತಿ ಒಣಗಿದ ಮೇಲೆ ಒಳಬೂಟನ್ನು ಸೇರಿಸಿ, ಬಕಲುಗಳನ್ನು ಸಡಿಲವಾಗಿ ಹಾಕಿಡಬೇಕು. ತೆರೆದೇ ಬಿಟ್ಟರೆ ಚಿಪ್ಪಿನ ಆಕಾರ ಬದಲಾಗಿ ಸೀಳಿನ ಅಂಚುಗಳು ಕೂಡದೆ ಹೋಗುತ್ತವೆ.

ತರಗತಿಯ ಕೆಲಸ

ಕೊನೆಯ ಅವಧಿಯಲ್ಲಿ ಗುಂಪುಗಳಿಗೆ ಮೂರು ಬೂಟುಗಳ ವಿವರ ಕೊಟ್ಟು, ಕಪ್ಪುಹಲಗೆಯ ಐದು ಕ್ರಿಯಾಪದಗಳಲ್ಲಿ ತಕ್ಕದ್ದನ್ನು ಬಳಸಿ ಕಾರಣವನ್ನೂ ಪರಿಹಾರವನ್ನೂ ಪೂರ್ಣ ವಾಕ್ಯಗಳಲ್ಲಿ ಬರೆಯಿಸಬೇಕು. ಮೊದಲನೆಯ ಬೂಟಿನಲ್ಲಿ ಬೆರಳುಗಳ ಮೇಲ್ಭಾಗ ಮಾತ್ರ ಒದ್ದೆ, ಹಿಮ್ಮಡಿ ಒಣಗಿದೆ. ಎರಡನೆಯದರಲ್ಲಿ ಒಳಬೂಟಿನ ಹೊರಮೈ ಎಲ್ಲ ಕಡೆಯೂ ಒಂದೇ ಸಮನಾಗಿ ತೇವ, ಚಿಪ್ಪಿನ ಒಳಗೋಡೆಯಲ್ಲಿ ಸಣ್ಣ ಹನಿಗಳು. ನೀರು ಹರಿದ ಗೆರೆ ಎಲ್ಲಿಯೂ ಇಲ್ಲ. ಇವೆರಡಕ್ಕೂ ಉತ್ತರ ಬೇಗ ಸಿಗುತ್ತದೆ.

ಮೂರನೆಯದರಲ್ಲಿ ಮೇಲಂಚಿನಿಂದ ಹಿಮ್ಮಡಿಯವರೆಗೆ ನೀರು ಇಳಿದ ಗೆರೆಯಿದೆ, ಒಳಬೂಟೂ ಸುತ್ತಲೂ ಸಮ ತೇವವಾಗಿದೆ. ಆಟಗಾರನು ಹತ್ತಿಯ ಕಾಲ್ಚೀಲ ತೊಟ್ಟು, ಒಳ ಉಡುಪಿನ ಕಾಲನ್ನು ಬೂಟಿನೊಳಗೆ ತುರುಕಿದ್ದ. ಇಲ್ಲಿ ಎರಡು ನೀರುಗಳು ಕೂಡಿವೆ. ಒಂದು ಗುಂಪು ಬಾಯಿಯನ್ನು ದೂರುತ್ತದೆ, ಇನ್ನೊಂದು ಬೆವರನ್ನು. ಎರಡೂ ಗುಂಪುಗಳು ತಮ್ಮ ಪಾಲಿನ ನೀರನ್ನು ಬೇರೆ ಮಾಡಿ ತೋರಿಸಲು ಯಾವ ಪ್ರಯೋಗ ಮಾಡಬಹುದೆಂದು ಶಿಕ್ಷಕರು ಕೇಳಿ, ಉತ್ತರವನ್ನು ಮರುದಿನಕ್ಕೆ ಬಿಡುವುದು.